ದಾದಿಯ ಕೆನ್ನೆ

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ ತಂದುಕೊಟ್ಟವಳು ಅಕ್ಕ. ನಾನು ಸಂಜೆ ಹೊಸಿಲು ದಾಟುವ ಮೊದಲೇ ಟಂಕಸಾಲೆಯವರನ್ನೆಲ್ಲ ಒಬ್ಬೊಬ್ಬರಾಗಿ ಬೈಯಲು ಶುರು ಮಾಡುತ್ತೇನಂತೆ. "ನನ್ನ ಕಿವಿ ಕಸದ ಬುಟ್ಟಿ ಅಲ್ಲ ಕಣೋ. ಬೈಯೋದನ್ನೆಲ್ಲ ಇದರಲ್ಲಿ ಬೈದ್ಕೋ" ಎಂದು ಹೊಲಿಗೆ ಯಂತ್ರದ ಖಾನೆಯಿಂದ ಇದನ್ನು ಎತ್ತಿ ಕೊಟ್ಟಳು. ಸರಿ, ಬೈದುಕೊಳ್ಳುತ್ತೇನೆ.

ಮೊದಲು ಡಬ್ಬಿ ಸಾಹೇಬರು. ನಮ್ಮ ಸ್ಮರಣಾರ್ಥ ನಾಣ್ಯಗಳ ವಿಭಾಗಕ್ಕೆ ಮುಖ್ಯಸ್ಥರು. ನಾಣ್ಯದ ಮೇಲೆ ಯಾರಿದ್ದಾರೆ, ಏಕಿದ್ದಾರೆ ಎಂಬುದು ಅವರಿಗೆ ಬೇಡ. ಅದನ್ನಿಡುವ ಡಬ್ಬಿಯ ಮಖಮಲ್ಲು ನೀಲಿಯೋ ಕೆಂಪೋ ಎಂಬುದೇ ಅವರ ಚಿಂತೆ. ಹೋದ ವರ್ಷದ ಡಬ್ಬಿಯಲ್ಲಿ ಒಂದು ಜೊತೆ ಬೂಟು ಹಿಡಿಸುತ್ತಿತ್ತು. ಮೂಗಿಗಿಂತ ಮೂಗುತಿ ಭಾರ.

ಆಮೇಲೆ ಹೊಸ ವಿನ್ಯಾಸಗಾರ್ತಿ. ಜೇಡಿಮಣ್ಣಿನಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಮಾದರಿ ಮಾಡುತ್ತಾಳೆ, ಯಂತ್ರ ಅದನ್ನು ಕುಗ್ಗಿಸಿ ಉಕ್ಕಿನ ಅಚ್ಚಿಗೆ ಇಳಿಸುತ್ತದೆ. ಉಗುರು ಸಂದಿಯಲ್ಲಿ ಸದಾ ಮಣ್ಣು. ನಾನು ಮಣ್ಣಮ್ಮ ಎಂದು ಹೆಸರಿಟ್ಟೆ, ಒಂದು ವಾರದಲ್ಲಿ ಇಡೀ ಕಾರ್ಖಾನೆ ಹಾಗೇ ಕರೆಯತೊಡಗಿತು.

ನನ್ನನ್ನು ಅವರು ಕನ್ನಡಿ ಮೇಸ್ತ್ರಿ ಎನ್ನುತ್ತಾರೆ. ಪ್ರೂಫ್ ನಾಣ್ಯದಲ್ಲಿ, ಅಂದರೆ ಡಬ್ಬಿಯಲ್ಲಿಟ್ಟು ಸಂಗ್ರಹಕಾರರಿಗೆ ಮಾರುವ ನಾಣ್ಯದಲ್ಲಿ, ಚಿತ್ರ ಮಂಜು ಹಿಡಿದ ಗಾಜಿನ ಹಾಗೆ ಬೆಳ್ಳಗಿರಬೇಕು, ಸುತ್ತಲಿನ ಖಾಲಿ ಜಾಗ ಕನ್ನಡಿಯಾಗಬೇಕು. ಅಚ್ಚಿಗೆ ಹೊಳಪು ಕೊಟ್ಟು ಆ ಕನ್ನಡಿ ತರಿಸುವವನು ನಾನು. ನನಗೇ ಗೊತ್ತಿರುವುದನ್ನು ಬರೆಯುತ್ತಿದ್ದೇನೆ, ಆದರೆ ಹೊಗಳಿಕೊಳ್ಳಲು ಬೇರೆ ಜಾಗವಿಲ್ಲ. ಜೂನ್ ಕೊನೆಗೆ ನಿವೃತ್ತಿ. ಆಮೇಲೆ ಈ ಮನೆಯಲ್ಲಿ ನಾನು, ಅಕ್ಕ, ಅವಳ ಹೊಲಿಗೆ ಯಂತ್ರ. ಇಬ್ಬರಿಗೂ ಮದುವೆಯಾಗಲಿಲ್ಲ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವಳಿಗೆ ಮುಖ ಅಡ್ಡ ಬಂತು, ನನಗೆ ಬಾಯಿ ಅಡ್ಡ ಬಂತು.

ಮಾರ್ಚ್ 5, ಬುಧವಾರ

ನನ್ನ ಕೊನೆಯ ನಾಣ್ಯ ಯಾರದ್ದೆಂದು ಗೊತ್ತಾಯಿತು. ರಾಜನಲ್ಲ, ಸೇನಾಪತಿಯಲ್ಲ. ಊರೂರು ಅಲೆದು ಮನೆಮನೆಗೆ ಲಸಿಕೆ ಹಾಕುತ್ತಿದ್ದ ಒಬ್ಬ ದಾದಿ, ಹುಟ್ಟಿ ನೂರು ವರ್ಷವಾಯಿತಂತೆ. ಇಷ್ಟು ವರ್ಷ ಕತ್ತಿ ಕಿರೀಟಗಳಿಗೆ ಹೊಳಪು ಕೊಟ್ಟವನಿಗೆ ಕೊನೆಗೆ ಸೂಜಿ ಸಿಕ್ಕಿತು.

ಮಣ್ಣಮ್ಮ ನಕಾಶೆ ತಂದು ಮೇಜಿನ ಮೇಲಿಟ್ಟು, ನೋಡಿ ಅಂದಳು. ನಾನು ಅಚ್ಚು ನೋಡುವವನು, ಚಿತ್ರ ನೋಡುವವನಲ್ಲ ಎಂದು ಹೇಳಿ ಅದರ ಮೇಲೆ ಚಹಾದ ಲೋಟ ಇಟ್ಟೆ. ಮುಖ ಊದಿಸಿಕೊಂಡು ಹೋದಳು.

ಮಾರ್ಚ್ 11, ಮಂಗಳವಾರ

ಅಚ್ಚು ಬಂತು. ಥೂ, ಎಂಥ ಕೊಳಕು ಕೆಲಸ.

ಅಚ್ಚಿನಲ್ಲಿ ಎಲ್ಲವೂ ತಿರುಗಾಮುರುಗಾ. ನಾಣ್ಯದಲ್ಲಿ ಉಬ್ಬಬೇಕಾದದ್ದು ಇಲ್ಲಿ ತಗ್ಗು, ಅಲ್ಲಿ ತಗ್ಗಾಗಬೇಕಾದದ್ದು ಇಲ್ಲಿ ಉಬ್ಬು. ದಾದಿಯ ಕೆನ್ನೆ ಇಲ್ಲಿ ಒಂದು ನುಣುಪಾದ ಗುಳಿಯಾಗಿರಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಆ ಗುಳಿಯ ತುಂಬ ಸಣ್ಣ ಸಣ್ಣ ಗುಬುಟುಗಳು! ಅಚ್ಚು ಕೊರೆಯುವಾಗ ಉಳಿದ ಲೋಹದ ಮುಳ್ಳುಗಳು. ಹಳಬರ ಕಾಲದಲ್ಲಿ ಇಂಥ ಅಚ್ಚನ್ನು ನನ್ನ ಮೇಜಿನವರೆಗೆ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮರದ ಕಡ್ಡಿಯ ತುದಿ ಚೂಪು ಮಾಡಿ, ವಜ್ರದ ಪುಡಿಯ ಪೇಸ್ಟ್ ಹಚ್ಚಿ, ಒಂದೊಂದನ್ನೇ ಉಜ್ಜಿ ತೆಗೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೆನ್ನೆ ಬೆಣ್ಣೆಯಾಗಿತ್ತು. ಯಾರೋ ಮಾಡಿದ ಹೊಲಸನ್ನು ಒಬ್ಬನೇ ತೊಳೆದೆ, ಧನ್ಯವಾದ ಯಾರೂ ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಇವತ್ತು ಪರೀಕ್ಷೆಗೆಂದು ಮೊದಲ ನಾಣ್ಯ ಒತ್ತಿದರು. ಡಬ್ಬಿ ಸಾಹೇಬರು ಅದನ್ನು ದೀಪದ ಕೆಳಗೆ ಹಿಡಿದು, "ಏನ್ರೀ ಮೇಸ್ತ್ರಿ, ಒಳ್ಳೆ ಸಿನಿಮಾ ನಟಿ ಥರ ಇದ್ದಾಳಲ್ರೀ" ಎಂದು ಹಲ್ಲು ಕಿರಿದರು. ಅವರು ಮೆಚ್ಚಿದರೆ ನನಗೆ ಮೈ ಉರಿಯುತ್ತದೆ.

ಆಗ ಮಣ್ಣಮ್ಮ ಬಂದಳು. ನಾಣ್ಯ ನೋಡಿದಳು, ತಿರುಗಿಸಿ ನೋಡಿದಳು, ಕಿಟಕಿಗೆ ಒಯ್ದು ನೋಡಿದಳು. ಕೆನ್ನೆಯ ಮೇಲಿನ ಕಲೆಗಳೆಲ್ಲಿ ಎಂದು ಕೇಳಿದಳು. ಯಾವ ಕಲೆ ಅಂದೆ. ಸಿಡುಬಿನ ಕಲೆ. ಆ ದಾದಿ ಹುಡುಗಿಯಾಗಿದ್ದಾಗ ಸಿಡುಬು ಬಂದು ಬದುಕಿಕೊಂಡಿದ್ದಳಂತೆ. ಸೂಜಿ ಎಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲವಂತೆ ಅದು. ದಾದಿ ಹೊರಗೆ ನಿಂತು, ನನ್ನ ಮುಖ ನೋಡ್ರಿ, ನಿಮ್ಮ ಮಕ್ಕಳಿಗೆ ಇದು ಬೇಡ ಅಂತಿದ್ದರೆ ಬಾಗಿಲು ತೆಗೀರಿ ಎನ್ನುತ್ತಿದ್ದಳಂತೆ.

"ಆ ಮುಖ ಇಲ್ದಿದ್ರೆ ಒಂದು ಬಾಗ್ಲೂ ತೆಗೀತಿರ್ಲಿಲ್ಲ ಮೇಸ್ತ್ರಿ. ನೀವು ಉಜ್ಜಿ ತೆಗೆದಿದ್ದು ಅದನ್ನೇ."

ನಾನು ಸೋಲಲಿಲ್ಲ. ನಾಣ್ಯ ಎಂದರೆ ಗೌರವ, ಗೌರವ ಕೊಡಬೇಕಾದವರ ಮುಖದ ಮೇಲೆ ತೂತು ಕೊರೆಯುತ್ತಾರೆಯೇ ಎಂದೆ. ಸಾಹೇಬರು ನನ್ನ ಪರ. ಕೊಳ್ಳುವವರಿಗೆ ತೂತಿನ ಮುಖ ಬೇಡ, ಇದೇ ಇರಲಿ ಎಂದರು. ಅವಳು ಹೋಗುವಾಗ ಬಾಗಿಲು ಬಡಿದ ರಭಸಕ್ಕೆ ನನ್ನ ಪೇಸ್ಟಿನ ಡಬ್ಬ ಉರುಳಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲೆ ಎಂದರೆ ಕಲೆಯಂತೆ ಇರಬೇಕಪ್ಪ, ಜರಡಿಯ ತೂತಿನ ಹಾಗೆ ಒಂದೇ ಅಳತೆಯ ಚುಕ್ಕಿ ಇಟ್ಟರೆ ಯಾರಿಗೆ ಗೊತ್ತಾಗಬೇಕು?

ಅಕ್ಕನಿಗೆ ಇದನ್ನೆಲ್ಲ ಹೇಳಿ ನಗಿಸೋಣವೆಂದು ಊಟದ ಹೊತ್ತಿಗೆ ಶುರು ಮಾಡಿದೆ. ಲೋಹದ ಮುಳ್ಳೆಂದು ಉಜ್ಜಿದ್ದು, ಮಣ್ಣಮ್ಮ ಕುಣಿದಾಡಿದ್ದು, ಎಲ್ಲ ಅಭಿನಯಿಸಿ ತೋರಿಸಿದೆ. ಅವಳು ನಗಲಿಲ್ಲ. ತಟ್ಟೆ ಎತ್ತುತ್ತಾ ಕೇಳಿದಳು:

"ಎಲ್ಲ ಅಳ್ಸಕ್ಕೆ ಎಷ್ಟು ಹೊತ್ತಾಯ್ತೋ?"

"ಅರ್ಧ ದಿನ."

"ಅಷ್ಟೇನಾ" ಅಂದಳು.

ಮಾರ್ಚ್ 15, ಶನಿವಾರ

ಅಕ್ಕ ಮಾತಾಡುತ್ತಿಲ್ಲ.

ಮಾರ್ಚ್ 17, ಸೋಮವಾರ

ಬಡಿಸುತ್ತಾಳೆ, ಹೋಗಿ ಯಂತ್ರದ ಮುಂದೆ ಕೂರುತ್ತಾಳೆ. ಯಾರದ್ದೋ ಅಂಗಿಗಳ ಕಾಲರು. ನಾನೇನು ಮಾಡಿದೆ? ಅವಳ ಬಗ್ಗೆ ಒಂದು ಮಾತು ಆಡಿದ್ದರೆ ಕೇಳಬಹುದಿತ್ತು. ಆಡಿಲ್ಲ. ಅವಳ ಮುಖದಲ್ಲೂ ಕಲೆ ಇದೆ ಎಂಬುದು ಕತೆ ಹೇಳುವಾಗ ನೆನಪಿಗೇ ಬಂದಿರಲಿಲ್ಲ. ನೆನಪಿಗೆ ಬಾರದಿದ್ದದ್ದು ಒಳ್ಳೆಯದೇ ಅಲ್ಲವೇ?

ಮಾರ್ಚ್ 20, ಗುರುವಾರ

ಗಡ್ಡ ಹೆರೆಯುವಾಗ ಲಕ್ಷ್ಯಕ್ಕೆ ಬಂತು. ಇಡೀ ಮನೆಗೆ ನನ್ನ ಈ ಅಂಗೈಯಗಲದ ಕನ್ನಡಿ ಒಂದೇ. ಅದೂ ನನ್ನ ಎತ್ತರಕ್ಕೆ ಮೊಳೆ ಹೊಡೆದಿದ್ದೇನೆ, ಅವಳಿಗೆ ಎಟುಕುವುದಿಲ್ಲ. ಊರಿಗೆಲ್ಲ ಕನ್ನಡಿ ಮಾಡಿಕೊಡುವವನ ಮನೆಯಲ್ಲಿ ಕನ್ನಡಿ ಇಲ್ಲ ಎಂದರೆ ನಗಾಡುತ್ತಾರೆ. ಬೇಕಿದ್ದರೆ ಅವಳೇ ಕೇಳುತ್ತಿದ್ದಳು, ಕೇಳಿಲ್ಲ.

ಮಾರ್ಚ್ 23, ಭಾನುವಾರ

ರಜೆಯ ದಿನವೂ ನೆಮ್ಮದಿ ಇಲ್ಲ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಮಣ್ಣಮ್ಮ! ಗೇಟಿನ ಕಾವಲುಗಾರನನ್ನು ಕಾಡಿ ವಿಳಾಸ ತೆಗೆದುಕೊಂಡಿದ್ದಾಳೆ. ಮೇಲಿನವರ ಕೈಕಾಲು ಹಿಡಿದು ಇನ್ನೊಂದು ಅಚ್ಚು ಮಾಡಲು ಒಪ್ಪಿಗೆ ಪಡೆದಿದ್ದಾಳಂತೆ. ಎರಡೂ ಬಗೆಯ ನಾಣ್ಯಗಳನ್ನು ಸಮಿತಿಯ ಮುಂದಿಡುತ್ತಾರೆ, ಅವರು ಆರಿಸುತ್ತಾರೆ. ಕಲೆಗಳು ಎಷ್ಟು ಆಳವಿದ್ದರೆ ಒತ್ತುವಾಗ ಸರಿಯಾಗಿ ಮೂಡುತ್ತವೆ ಎಂದು ನನ್ನನ್ನು ಕೇಳಲು ಬಂದದ್ದು. ಉಗಿದವನ ಮನೆಗೇ ಬುದ್ಧಿ ಕೇಳಲು ಬರುವುದೆಂದರೆ ಮಾನ ಮರ್ಯಾದೆ ಇಲ್ಲವೇ ಎಂದುಕೊಂಡೆ.

ಬಾಗಿಲು ತೆಗೆದವಳು ಅಕ್ಕ. ಹೊರಗಿನವರು ಬಂದರೆ ಅಕ್ಕ ಹಿಂದಿನ ಕೋಣೆಗೆ ಹೋಗುತ್ತಾಳೆ, ಅದು ಮೊದಲಿನಿಂದಲೂ ಇರುವ ರೂಢಿ. ಇವತ್ತು ಏಕೋ ಹೋಗಲಿಲ್ಲ. ಈ ಹುಡುಗಿ ಅವಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟಳು. ಕಣ್ಣು ಬೇರೆ ಕಡೆ ಹೊರಳಿಸಬೇಕೆಂಬ ಸಭ್ಯತೆಯೂ ಬೇಡವೇ? ಆಮೇಲೆ ಕೇಳಿಯೇಬಿಟ್ಟಳು.

"ಅಮ್ಮಾ, ನಿಮ್ಮ ಮುಖ ಸ್ವಲ್ಪ ಹತ್ರದಿಂದ ನೋಡ್ಬೋದಾ?"

ಮನೆಯ ಮಾಡು ಕಳಚಿ ಬೀಳುತ್ತದೆ ಅಂದುಕೊಂಡೆ. ಅಕ್ಕ ನನ್ನ ಕಡೆ ಒಮ್ಮೆ ತಿರುಗಿ, "ನೋಡಮ್ಮ. ಇವನು ನೋಡಿದ್ದಂತೂ ನಾನು ಕಾಣೆ" ಅಂದಳು. ತಾನೇ ಕುರ್ಚಿ ಎಳೆದು ಕಿಟಕಿಯ ಬೆಳಕಿಗೆ ಹಾಕಿಕೊಂಡು ಕೂತಳು.

ಇಡೀ ಮಧ್ಯಾಹ್ನ ಹೋಯಿತು. ಹುಡುಗಿ ಬರೆಯುತ್ತಾಳೆ, ಅಳಿಸುತ್ತಾಳೆ, ತಲೆ ಓರೆ ಮಾಡುತ್ತಾಳೆ. ಮೊದಲನೆಯ ಸಲ ಚುಕ್ಕಿ ಇಟ್ಟಿದ್ದು ತಪ್ಪು ಎಂದು ತಾನೇ ಒಪ್ಪಿಕೊಂಡಳು. ಒಂದು ಕಲೆ ಇನ್ನೊಂದರ ಮೇಲೆ ಏರಿದೆ, ಒಂದರ ಅಂಚು ಒಂದು ಕಡೆ ಕಡಿದು, ಇನ್ನೊಂದು ಕಡೆ ಇಳಿಜಾರು. ಕಿವಿಯ ಹತ್ತಿರ ದಟ್ಟ, ತುಟಿಯ ಕಡೆ ವಿರಳ. ನಾನು ಇಣುಕಲು ಹೋದರೆ ಬೆಳಕಿಗೆ ಅಡ್ಡ ಬರಬೇಡ ಎಂದು ಅಕ್ಕನೇ ಗದರಿದಳು. ನನ್ನ ಮನೆಯಲ್ಲಿ ನಾನೇ ಅಡ್ಡ.

ಮಾತಿನ ನಡುವೆ ಅಕ್ಕ ನನಗೆಂದೂ ಹೇಳದ ಒಂದು ವಿಷಯವನ್ನು ಆ ಹುಡುಗಿಗೆ ಹೇಳಿದಳು. ಚಿಕ್ಕಂದಿನಲ್ಲಿ ತನಗೆ ಸಿಡುಬಿನ ಜ್ವರ ಬಂದು ಹಿಂದಿನ ಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದ್ದಾಗ ಲಸಿಕೆಯವರು ಮನೆಗೆ ಬಂದಿದ್ದರಂತೆ. ನಾನಾಗ ತೊಟ್ಟಿಲ ಕೂಸು. ಸೂಜಿ ಚುಚ್ಚಿದ ತಕ್ಷಣ ನಾನು ಕಿರುಚಿ ಅತ್ತದ್ದು ಗೋಡೆಯಾಚೆ ಅವಳಿಗೆ ಕೇಳಿಸಿತಂತೆ. ಅಲ್ಲಿಯವರೆಗೆ ಹೆದರಿದ್ದವಳಿಗೆ ಆಗ ನಿದ್ದೆ ಬಂತಂತೆ, ತಮ್ಮನಿಗೆ ಇನ್ನು ಸಿಡುಬು ಬರುವುದಿಲ್ಲ ಎಂದು. ಏಳು ವರ್ಷದ ಮಗುವಿಗೆ ಇದೆಲ್ಲ ಎಲ್ಲಿ ತಿಳಿದೀತು, ಆಮೇಲೆ ಕಟ್ಟಿಕೊಂಡ ಕತೆ ಇರಬೇಕು.

ಹುಡುಗಿ ಹೋಗುವಾಗ ಆಳದ ಅಳತೆ ಹೇಳಿ ಕಳಿಸಿದೆ. ಹೇಳದಿದ್ದರೆ ತಪ್ಪು ಮಾಡಿ ಮತ್ತೆ ನನ್ನ ತಲೆಗೇ ಕಟ್ಟುತ್ತಾಳೆ.

ಮಾರ್ಚ್ 24, ಸೋಮವಾರ

ಸ್ನಾನ ಮಾಡುವಾಗ ತೋಳು ನೋಡಿಕೊಂಡೆ. ಲಸಿಕೆಯ ಗುರುತು ಇದೆ. ಹುರುಳಿಕಾಳಿನಷ್ಟು.

ಏಪ್ರಿಲ್ 8, ಮಂಗಳವಾರ

ಎರಡನೆಯ ಅಚ್ಚು ಬಂತು. ಕೆಲಸ ಪರವಾಗಿಲ್ಲ. ಪರವಾಗಿಲ್ಲ ಎಂದು ನಾನು ಬರೆಯುವುದು ಅಪರೂಪ, ಡಬ್ಬಿ ಸಾಹೇಬರ ಕಣ್ಣಿಗೆ ಈ ಪುಟ ಬೀಳದಿರಲಿ.

ಸುತ್ತಲಿನ ಖಾಲಿ ಜಾಗಕ್ಕೆ ಹೊಳಪು ಕೊಡುವುದು ನನಗೆ ನೀರು ಕುಡಿದಷ್ಟು ಸುಲಭ. ಕೆನ್ನೆಯದೇ ಪಡಿಪಾಟಲು. ಚಿತ್ರಕ್ಕೆ ಮಂಜಿನ ಬಣ್ಣ ಬರಲು ಸಣ್ಣ ಮರಳು ಊದಬೇಕು. ಮರಳು ಊದಿದರೆ ಕೆನ್ನೆಯೂ ಕಲೆಯೂ ಒಂದೇ ಬಿಳುಪಾಗಿ, ಕಲೆ ಇದ್ದೂ ಕಾಣುವುದಿಲ್ಲ. ಹಾಗಾದರೆ ಇಷ್ಟು ಒದ್ದಾಡಿದ್ದು ಯಾರ ಸುಖಕ್ಕೆ? ಮೂರು ಸಲ ಊದಿ ನೋಡಿದೆ, ಮೂರು ಸಲವೂ ದಾದಿ ಸುಣ್ಣ ಬಳಿದುಕೊಂಡು ನಿಂತಳು.

ಕೊನೆಗೆ ಹೊಳೆಯಿತು. ಮರಳು ಊದಿದ ಮೇಲೆ ಗುಬುಟುಗಳ ನೆತ್ತಿಗೆ ಮಾತ್ರ, ಕಡ್ಡಿಯ ಮೊನೆಯಿಂದ, ಒಂದೊಂದಕ್ಕೂ ಹೊಳಪು ಕೊಡತೊಡಗಿದೆ. ಆಗ ನಾಣ್ಯದಲ್ಲಿ ಕೆನ್ನೆ ಬೆಳ್ಳಗಿರುತ್ತದೆ, ಪ್ರತಿ ಕಲೆಯ ತಳದಲ್ಲಿ ಒಂದು ಚೂರು ಕನ್ನಡಿ. ಬೆಳಕಿಗೆ ತಿರುಗಿಸಿದರೆ ಒಂದೊಂದಾಗಿ ಮಿನುಗುತ್ತವೆ. ಇಂಥದ್ದನ್ನು ಯಾರೂ ಮಾಡಿದ್ದು ನಾನು ಕಂಡಿಲ್ಲ. ಅವತ್ತು ಉಜ್ಜಿ ತೆಗೆಯಲು ಅರ್ಧ ದಿನ ಸಾಕಾಗಿತ್ತು, ಇದಕ್ಕೆ ವಾರ ಹಿಡಿಯುವ ಲಕ್ಷಣ. ಕಣ್ಣು ಉರಿಯುತ್ತಿದೆ.

ಒಂದು ಕಡೆ ಸಂಶಯ ಬಂತು. ಕಣ್ಣಿನ ಕೆಳಗಿನ ದೊಡ್ಡ ಕಲೆ ಸ್ವಲ್ಪ ಓರೆ ಎನಿಸಿತು. ಮನೆಗೆ ಬಂದು ನೋಡಿದೆ. ಅಕ್ಕ ದಾರ ಪೋಣಿಸುತ್ತಿದ್ದಳು. ಓರೆಯೇ ಇದೆ. ಚಿತ್ರ ಬರೆದಾಕೆ ಸರಿಯಾಗಿಯೇ ಬರೆದಿದ್ದಾಳೆ.

ಏಪ್ರಿಲ್ 16, ಬುಧವಾರ

ಸಮಿತಿ. ಐದು ಜನ, ಐದು ಕನ್ನಡಕ. ಒಬ್ಬರು ನಾಣ್ಯವನ್ನು ತಲೆಕೆಳಗಾಗಿ ಹಿಡಿದು ಅದ್ಭುತ ಅಂದರು. ಇನ್ನೊಬ್ಬರು ಬಿಸ್ಕತ್ತು ತಿನ್ನಲು ಬಂದವರು, ತಿಂದರು. ನಾನು ದೀಪ ಹಿಡಿಯುವವನು. ಮೇಜಿನ ಮೇಲೆ ಎರಡು ನಾಣ್ಯ, ನುಣ್ಣನೆಯ ಕೆನ್ನೆಯದು ಮತ್ತು ಕಲೆಯ ಕೆನ್ನೆಯದು.

ವಿನ್ಯಾಸ ಮಾಡಿದಾಕೆ ಚೆನ್ನಾಗಿಯೇ ಮಾತಾಡಿದಳು. ದಾದಿ ತನ್ನ ಮುಖ ತೋರಿಸಿ ಬಾಗಿಲು ತೆಗೆಸಿದ್ದನ್ನೆಲ್ಲ ಹೇಳಿದಳು. ನಾನು ಕಲೆಯ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ತಿರುಗಿಸಿದೆ. ಒಂದೊಂದೇ ಮಿನುಗಿತು. ಬಿಸ್ಕತ್ತಿನವರೂ ಒಂದು ಗಳಿಗೆ ಬಾಯಿ ಆಡಿಸುವುದು ನಿಲ್ಲಿಸಿದರು. ಆಗ ಡಬ್ಬಿ ಸಾಹೇಬರು ಎದ್ದು ಮಖಮಲ್ಲಿನ ಡಬ್ಬಿ ತೆರೆದು ನುಣ್ಣನೆಯದನ್ನು ಅದರಲ್ಲಿ ಕೂರಿಸಿದರು. ಉಡುಗೊರೆ ಕೊಡುವವರು ಕಲೆ ಇರುವ ಮುಖ ಕೊಡುತ್ತಾರೆಯೇ ಎಂದು ಕೇಳಿದರು. ತಲೆಗಳು ಅಲ್ಲಾಡಿದವು.

ನಾನು ಬಾಯಿ ತೆರೆಯಬಾರದಿತ್ತು. ದೀಪ ಹಿಡಿಯುವವನಿಗೆ ಮಾತೇಕೆ?

"ಆ ನುಣ್ಣನೆ ಕೆನ್ನೆ ನನ್ನ ತಪ್ಪು ಸಾರ್. ಮುಳ್ಳು ಅಂದ್ಕೊಂಡು ಅಳ್ಸಿಬಿಟ್ಟೆ. ನನ್ನ ತಪ್ಪನ್ನ ಡಬ್ಬೀಲಿಟ್ಟು ಮಾರ್ಬೇಡಿ."

"ತಪ್ಪೇ ಇಷ್ಟು ಚೆನ್ನಾಗಿದ್ರೆ ನಮಗೇನ್ರೀ ಕಷ್ಟ?" ಎಂದು ಸಾಹೇಬರು ನಕ್ಕರು. ಎಲ್ಲರೂ ನಕ್ಕರು. ಕೊನೆಗೆ ಎಲ್ಲರನ್ನೂ ಮೆಚ್ಚಿಸುವ ತೀರ್ಮಾನ ಮಾಡಿದರು. ಡಬ್ಬಿಯ ಪ್ರೂಫ್ ನಾಣ್ಯಕ್ಕೆ ನುಣ್ಣನೆಯ ಕೆನ್ನೆ. ಕಲೆಯ ಕೆನ್ನೆ ಅಂಗಡಿ ಮುಂಗಟ್ಟಿನಲ್ಲಿ ಓಡಾಡುವ ಚಿಲ್ಲರೆ ನಾಣ್ಯಕ್ಕೆ. ಅದಕ್ಕೆ ಕನ್ನಡಿಯೂ ಇಲ್ಲ, ಮಂಜೂ ಇಲ್ಲ. ಚಿಲ್ಲರೆಯ ಮುಖ ಯಾರು ನೋಡುತ್ತಾರೆ ಎಂದು ಒಬ್ಬರು ಸಮಾಧಾನ ಹೇಳಿದರು. ಒಂದು ವಾರ ಕಣ್ಣು ಸುಟ್ಟುಕೊಂಡು ಮಾಡಿದ ಹೊಳಪು ಕಸಕ್ಕೆ ಹೋಯಿತು.

ಕಾರಿಡಾರಿನಲ್ಲಿ ಆಕೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಒಂದು ಲೋಟ ಚಹಾ ತಂದುಕೊಟ್ಟೆ. ನಾನು ಅಲ್ಲಿ ಹಾಗೆ ಏಕೆ ಮಾತಾಡಿದೆನೋ ತಿಳಿಯದು, ಬೆಳಿಗ್ಗೆಯಿಂದ ತಲೆನೋವಿತ್ತು.

ಏಪ್ರಿಲ್ 17, ಗುರುವಾರ

ಅಕ್ಕನಿಗೆ ಹೇಳಿದೆ. ಅವಳಿಗೆ ಕೋಪ ಬರಲಿ ಎಂದು ಕಾದೆ. "ಚಿಲ್ಲರೆಗಾದ್ರೂ ಹಾಕ್ತಾರಲ್ಲ" ಅಂದಳು. ನನಗೇ ಕೋಪ ಬಂತು. ಇವಳಿಗೆ ಯಾವಾಗಲೂ ಉಳಿದದ್ದು ಸಾಕು.

ಮೇ 6, ಮಂಗಳವಾರ

ಚಿಲ್ಲರೆ ನಾಣ್ಯದ ಅಚ್ಚಿಗೆ ನಾನು ಇದುವರೆಗೆ ಕೈ ಹಾಕಿರಲಿಲ್ಲ. ಅದು ಕೆಳಗಿನ ಮಹಡಿಯವರ ಕೆಲಸ. ಅವರು ಅಚ್ಚನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಾರೆ. ಹಾಗೆ ತಿಕ್ಕಲು ಬಿಟ್ಟರೆ ಅಕ್ಕನ ಕೆನ್ನೆ ಮತ್ತೆ ಬೆಣ್ಣೆಯಾದೀತು ಎಂದು ನಾನೇ ಕೆಳಗಿಳಿದು ಹೋದೆ. ದಾದಿಯ ಕೆನ್ನೆ ಎಂದು ಬರೆಯಬೇಕಿತ್ತು. ಇರಲಿ, ಹೊಡೆದು ಹಾಕಿದರೆ ಪುಟ ಕೊಳಕಾಗುತ್ತದೆ.

ಕೆಳಗಿನವರು ಕನ್ನಡಿ ಮೇಸ್ತ್ರಿಗೆ ಹಿಂಬಡ್ತಿ ಎಂದು ನಕ್ಕರು. ನಗಲಿ. ಒಂದು ವಿಷಯ ನನ್ನನ್ನು ಕಾಡುತ್ತಿದೆ. ನಾಣ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಕೆನ್ನೆ. ಜೇಬಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ, ಬೆರಳಿನಲ್ಲಿ ಮೊದಲು ಸವೆಯುವುದು ಅದೇ. ನಾಣ್ಯದ ಅಂಚಿಗೆ ಸುತ್ತಲೂ ಇರುವ ಬಳೆಯನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಕೆನ್ನೆಗೆ ಸ್ವಲ್ಪ ರಕ್ಷಣೆ ಸಿಗುತ್ತದೆ. ವಿನ್ಯಾಸಕಿಗೆ ಹೇಳಿದೆ, ಅವರು ಎರಡನೆಯ ಮಾತಿಲ್ಲದೆ ನಕಾಶೆ ತಿದ್ದಿಕೊಟ್ಟರು. ಬಳೆ ಎತ್ತರಿಸಿದ್ದು ಏಕೆಂದು ಡಬ್ಬಿ ಸಾಹೇಬರು ಕೇಳಿದಾಗ ಅವರಿಗೆ ಅರ್ಥವಾಗದ ಹತ್ತು ಶಬ್ದಗಳನ್ನು ಉದುರಿಸಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿ, ಸಹಿ ಹಾಕಿದರು.

ಮೇ 19, ಸೋಮವಾರ

ಕೆಳಗಿನ ಮಹಡಿಯಲ್ಲಿ ಯಾರೋ ನನ್ನ ಮುಂದೆಯೇ ವಿನ್ಯಾಸಕಿಯವರನ್ನು ಮಣ್ಣಮ್ಮ ಎಂದರು. ದೊಡ್ಡವರಿಗೆ ಅಡ್ಡಹೆಸರಿಡುವುದು ಯಾವ ಸಂಸ್ಕೃತಿ ಎಂದು ಗದರಿದೆ. ಬಾಯಿಗೆ ಹಿಡಿತವಿಲ್ಲದ ಜನ.

ಜೂನ್ 21, ಶನಿವಾರ

ನಾಣ್ಯ ಹೊರಬಿದ್ದು ಎರಡು ವಾರವಾಗಿದೆ. ಮನೆಗೆ ತರೋಣವೆಂದು ದಿನಾ ಅಂದುಕೊಳ್ಳುತ್ತೇನೆ, ತಂದು ಏನೆಂದು ಕೊಡುವುದು ಎಂದು ತೋಚದೆ ಬಿಡುತ್ತೇನೆ. ಇವತ್ತು ಅಕ್ಕ ದಾರದ ಅಂಗಡಿಯಿಂದ ಬಂದವಳು ಮೇಜಿನ ಮೇಲೆ ಚಿಲ್ಲರೆ ಸುರಿದಳು. ಅದರಲ್ಲಿ ಒಂದು ಇತ್ತು. ಅಂಗಡಿಯಾಕೆ ನಾಣ್ಯವನ್ನೊಮ್ಮೆ ಇವಳನ್ನೊಮ್ಮೆ ನೋಡಿದಳಂತೆ. ಇವಳು ಹಿಂದಿನ ಕೋಣೆಗೆ ಓಡುವವಳು, ಅಲ್ಲಿಯೇ ನಿಂತು ಹೌದು, ಈ ಚಿತ್ರಕ್ಕೆ ನಾನೇ ಕೂತಿದ್ದು ಎಂದು ಹೇಳಿ ಬಂದಿದ್ದಾಳೆ.

ಕಿಟಕಿಯ ಹತ್ತಿರ ಹೋಗಿ ನಾಣ್ಯದ ಮೇಲೆ ಬೆರಳಾಡಿಸಿದಳು. ನನಗೆ ತಡೆಯಲಾಗಲಿಲ್ಲ. ಡಬ್ಬಿಯಲ್ಲಿದ್ದರೆ ನೂರು ವರ್ಷವಾದರೂ ಹೀಗೇ ಇರುತ್ತಿತ್ತು ಎಂದೆ. ಬಳೆ ಎತ್ತರಿಸಿದ್ದೇನೆ, ಆದರೂ ಪ್ರಯೋಜನವಿಲ್ಲ, ಕಂಡ ಕಂಡವರ ಬೆವರಿನ ಕೈಯಲ್ಲಿ ತಿಕ್ಕಿ ತಿಕ್ಕಿ ಕೆಲವೇ ವರ್ಷದಲ್ಲಿ ಕಲೆಯೆಲ್ಲ ಸವೆದು ಹೋಗುತ್ತದೆ ಎಂದೆ. ಸಮಿತಿಯವರನ್ನು, ಸಾಹೇಬರನ್ನು, ಬಿಸ್ಕತ್ತಿನವರನ್ನು ಮತ್ತೊಮ್ಮೆ ಬೈದೆ. ನೋಟ್‌ಬುಕ್ಕಿನಲ್ಲಿ ಬೈದದ್ದು ಸಾಲದೆ ಅವಳ ಕಿವಿಗೇ ಬೈದೆ.

ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ಸವೆದ್ರೆ ಸವೀಲಿ ಬಿಡೋ. ಅಷ್ಟು ಜನ ಮುಟ್ತಾರಲ್ಲ. ನನ್ನ ಕೆನ್ನೇನ ಇಷ್ಟು ವರ್ಷದಲ್ಲಿ ಯಾರು ಮುಟ್ಟಿದಾರೆ?"

ಕೋಪದಿಂದ ಹೇಳಲಿಲ್ಲ. ದಾರದ ಬೆಲೆ ಹೇಳುವಷ್ಟೇ ಸಾಧಾರಣವಾಗಿ ಹೇಳಿ, ನಾಣ್ಯವನ್ನು ಉಳಿದ ಚಿಲ್ಲರೆಯ ಜೊತೆ ಪರ್ಸಿಗೆ ಹಾಕಿಕೊಂಡಳು. ಸೋಮವಾರ ಅದನ್ನು ಎಲ್ಲಾದರೂ ಖರ್ಚು ಮಾಡುತ್ತಾಳೆ.

ಅಳು ಬಂತು. ಯಾರೂ ಓದದ ಪುಸ್ತಕವಾದ್ದರಿಂದ ಬರೆಯುತ್ತಿದ್ದೇನೆ. ಎದ್ದು ಹೋಗಿ ಅವಳ ಕೆನ್ನೆಗೆ ಕೈಯಿಟ್ಟೆ. ಅಚ್ಚಿನಲ್ಲಿ ಒಂದೊಂದನ್ನೂ ಬಲ್ಲೆ ಎಂದುಕೊಂಡಿದ್ದೆ, ಆದರೆ ಇಷ್ಟು ಬೆಚ್ಚಗಿರುತ್ತದೆ ಎಂದು ಗೊತ್ತಿರಲಿಲ್ಲ.

"ಕೈ ತೊಳ್ಕೊಂಡಿದ್ದೀಯೇನೋ?" ಅಂದಳು.

ತೊಳೆದಿರಲಿಲ್ಲ. ಆದರೂ ಅವಳು ಮುಖ ತಿರುಗಿಸಲಿಲ್ಲ.